ಕೋಲ್ಮನ್ ಸಾಹೇಬರು ಮತ್ತು ಸಂಸ್ಥಾನದ ತಾಳ್ಮೆ

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲುಗಾಡಿ ಕಡೂರು ಬೀರೂರುಗಳನ್ನು ದಾಟಿ ಅಜ್ಜಂಪುರವನ್ನು ಮುಟ್ಟುವವರೆಗೂ ಕಣ್ಣಿಗೆ ಬೀಳುವುದು ಬಯಲು ಸೀಮೆ. ರಾಗಿಯ ಹೊಲ, ತೆಂಗಿನ ತೋಟ, ದನ ಮೇಯುವ ಕಾವಲು. ಬೀರೂರಿನಲ್ಲಿ ಇಳಿದು ಶಿವಮೊಗ್ಗದ ಗಾಡಿಯನ್ನು ಹತ್ತಿದವರಿಗೆ ತರೀಕೆರೆ ಸಮೀಪಿಸುತ್ತಲೇ ಅಡಕೆಯ ತೋಟಗಳು ಎದುರಾಗುತ್ತವೆ. ಅವುಗಳ ಹಿಂದೆ ಬಾಬಾ ಬುಡನ್ ಗಿರಿಶ್ರೇಣಿ ನೀಲಿಯ ಗೋಡೆಯಂತೆ ನಿಂತಿದೆ. ಗೋಡೆಯ ಆಚೆಗೆ ಮಳೆಯ ನಾಡು, ಕಾಫಿಯ ನಾಡು. ಈ ಎಲ್ಲವೂ ೧೯೪೭ರವರೆಗೆ ಕಡೂರು ಜಿಲ್ಲೆ ಎಂಬ ಒಂದೇ ಹೆಸರಿನಲ್ಲಿ ಅಡಗಿದ್ದುವು. ಆ ಹಳೆಯ ಜಿಲ್ಲೆಯ ಬಯಲು, ಕಾವಲು, ತೋಟ, ಕಾಡುಗಳು ನಾಲ್ಕಕ್ಕೂ ತನ್ನ ಜೀವಮಾನದ ದುಡಿಮೆಯಿಂದ ಸಂಬಂಧ ಕಲ್ಪಿಸಿಕೊಂಡ ವಿಜ್ಞಾನಿಯೊಬ್ಬರಿದ್ದರು. ಅವರು ಈ ದೇಶದವರಲ್ಲ, ಕೆನಡಾ ದೇಶದವರು. ಹೆಸರು ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ನಾನು ಲಿಂಗದಹಳ್ಳಿಯ ಕಡೆಯ ತೋಟದ ಮನೆಯೊಂದರಲ್ಲಿ ಹುಟ್ಟಿ, ಪಾಠ ಹೇಳುವುದನ್ನೇ ವೃತ್ತಿಯಾಗಿ ಮಾಡಿಕೊಂಡವನು. ವಿಜ್ಞಾನದ ಸಂಶೋಧನೆಗೆ ಸರ್ಕಾರ ಎಷ್ಟು ಹಣ ಕೊಡಬೇಕು, ಯಾರಿಗೆ ಕೊಡಬೇಕು, ಕೊಟ್ಟ ಹಣಕ್ಕೆ ಎಂದು ಲೆಕ್ಕ ಕೇಳಬೇಕು ಎಂಬ ಚರ್ಚೆ ಈಚೆಗೆ ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಬಿಡುವಿಲ್ಲದೆ ನಡೆದಿದೆ. ವಿದ್ಯಾರ್ಥಿಗಳು ಆ ವಿಷಯವಾಗಿ ನನ್ನನ್ನು ಕೇಳಿದಾಗಲೆಲ್ಲ ಅಂಕಿ ಅಂಶಗಳಿಗಿಂತ ಮೊದಲು ನನಗೆ ನೆನಪಾಗುವುದು ಕೋಲ್ಮನ್ ಸಾಹೇಬರ ಜೀವನ. ನೀತಿಯ ಪುಸ್ತಕಗಳು ಹೇಳಲಾರದ ಒಂದು ಮಾತನ್ನು ಆ ಜೀವನ ಹೇಳುತ್ತದೆಂದು ನನ್ನ ನಂಬಿಕೆ. ಅದನ್ನು ವಾಚಕರ ಮುಂದಿಡುವುದಕ್ಕಾಗಿ ಈ ಬರಹ.

ಕೋಲ್ಮನ್ನರು ಹುಟ್ಟಿದ್ದು ೧೮೭೮ರಲ್ಲಿ, ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿ, ಹೆಚ್ಚಿನ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿ ಗಾಟಿಂಗೆನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನು ಪಡೆದರು. ಅವರ ಪ್ರಬಂಧದ ವಿಷಯ ಅಡಕೆಯೂ ಅಲ್ಲ, ಕಾಫಿಯೂ ಅಲ್ಲ. ನೆಲದಲ್ಲಿರುವ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವ ಕ್ರಿಯೆಯನ್ನು ಅವರು ಅಲ್ಲಿ ಪರೀಕ್ಷಿಸಿದ್ದರು. ಕಣ್ಣಿಗೆ ಕಾಣದ ಜೀವಿಯೊಂದು ಯಾವ ಶಾಖದಲ್ಲಿ, ಎಷ್ಟು ತೇವದಲ್ಲಿ, ಯಾವ ಆಹಾರದ ಮೇಲೆ ಬಾಳುತ್ತದೆ ಎಂಬುದನ್ನು ಸಹನೆಯಿಂದ ಗಮನಿಸುವ ಅಭ್ಯಾಸ ಅವರಿಗೆ ಅಲ್ಲಿ ದೊರೆಯಿತು. ಅವರು ಮೈಸೂರಿಗೆ ತಂದ ನಿಜವಾದ ಸಾಮಗ್ರಿ ಈ ಅಭ್ಯಾಸವೇ. ೧೯೦೮ರಲ್ಲಿ, ಮೂವತ್ತರ ಹರೆಯದಲ್ಲಿ, ಅವರು ಮೈಸೂರು ಸರ್ಕಾರದ ಶಿಲೀಂಧ್ರಶಾಸ್ತ್ರಜ್ಞರಾಗಿಯೂ ಕೀಟಶಾಸ್ತ್ರಜ್ಞರಾಗಿಯೂ ನೇಮಕಗೊಂಡರು. ಎರಡು ಶಾಸ್ತ್ರ, ಒಬ್ಬ ಮನುಷ್ಯ. ಸಂಸ್ಥಾನದ ಕೈ ಅಷ್ಟು ಬಿಗಿಯಾಗಿತ್ತು.

ಆ ಕಾಲದಲ್ಲಿ ಭಾರತದಲ್ಲಿ ಸಂಶೋಧನೆಗೆ ಹಣ ಒದಗುತ್ತಿದ್ದ ದಾರಿಗಳನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ಮೊದಲನೆಯದು ದಾನ. ಬಿಹಾರದ ಪೂಸಾದಲ್ಲಿ ೧೯೦೫ರಲ್ಲಿ ಹುಟ್ಟಿದ ಕೃಷಿ ಸಂಶೋಧನಾಲಯಕ್ಕೆ ಬಲ ಬಂದದ್ದು ಹೆನ್ರಿ ಫಿಪ್ಸ್ ಎಂಬ ಅಮೆರಿಕದ ಶ್ರೀಮಂತರು ಕೊಟ್ಟ ೩೦,೦೦೦ ಪೌಂಡುಗಳಿಂದ. ಬೆಂಗಳೂರಿನಲ್ಲಿ ೧೯೦೯ರಲ್ಲಿ ಸ್ಥಾಪಿತವಾದ ವಿಜ್ಞಾನ ಮಂದಿರಕ್ಕೆ ಮೂಲ ಸಂಕಲ್ಪ ಜಮ್‌ಷೇಟ್‌ಜಿ ಟಾಟಾ ಅವರದು. ೩೭೧ ಎಕರೆ ನೆಲವನ್ನೂ ಐದು ಲಕ್ಷ ರೂಪಾಯಿಗಳನ್ನೂ ಕೊಟ್ಟದ್ದು ಮೈಸೂರು. ಎರಡನೆಯದು ಬಹುಮಾನ, ಇಂಥ ರೋಗಕ್ಕೆ ಮದ್ದು ಕಂಡುಹಿಡಿದವರಿಗೆ ಇಷ್ಟು ಹಣ ಎಂದು ಸಾರುವುದು. ಮೂರನೆಯದು ಸಂಬಳ. ಸಮಸ್ಯೆ ಇದ್ದರೂ ಇಲ್ಲದಿದ್ದರೂ, ಉತ್ತರ ಸಿಕ್ಕರೂ ಸಿಕ್ಕದಿದ್ದರೂ ತಿಂಗಳು ತಿಂಗಳು ಕೊಟ್ಟು ಒಬ್ಬ ಶಾಸ್ತ್ರಜ್ಞನನ್ನು ಸಾಕುವುದು. ಮೂರರಲ್ಲಿ ಕಡಮೆ ಆಕರ್ಷಣೆಯದು ಇದೇ. ದಾನಿಗೆ ಸಿಗುವ ಕೀರ್ತಿಯಾಗಲಿ ಬಹುಮಾನಕ್ಕಿರುವ ಡಂಗುರವಾಗಲಿ ಇದಕ್ಕಿಲ್ಲ. ಮೈಸೂರು ಸರ್ಕಾರ ಮೂರನ್ನೂ ಪರೀಕ್ಷಿಸಿ ನೋಡಿತು. ೧೮೯೯ರಲ್ಲಿ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ೩೦ ಎಕರೆ ನೆಲವನ್ನು ಕೃಷಿ ಪ್ರಯೋಗಕ್ಕಾಗಿ ದಯಪಾಲಿಸಿದ್ದರು. ಡಾಕ್ಟರ್ ಲೇಮನ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿ ಮಣ್ಣಿನ ಮತ್ತು ಬೆಳೆಗಳ ಪರೀಕ್ಷೆಗಳನ್ನು ಆರಂಭಿಸಿದ್ದರು. ಕೋಲ್ಮನ್ನರು ಬಂದು ಸೇರಿದ್ದು ಆ ಸಣ್ಣ ಸಂಸಾರಕ್ಕೆ.

ಅವರು ಮೊದಲು ಕೈಹಾಕಿದ ದೊಡ್ಡ ಕೆಲಸ ಅಡಕೆಯ ಕೊಳೆರೋಗ. ಮಲೆನಾಡಿನವರಿಗೆ ಇದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಆಷಾಢ ಶ್ರಾವಣಗಳ ಮಳೆ ಬಿಡದೆ ಹಿಡಿದಾಗ ಎಳೆಯ ಕಾಯಿಗಳ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂಥ ಕಲೆ ಕಾಣಿಸಿಕೊಳ್ಳುತ್ತದೆ. ಕಾಯಿ ಬಣ್ಣಗೆಡುತ್ತದೆ, ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹರಡುತ್ತದೆ. ವರ್ಷದ ಆದಾಯವೆಲ್ಲ ಕೆಲವೇ ವಾರಗಳಲ್ಲಿ ಮರದ ಬುಡಕ್ಕೆ ಬೀಳುತ್ತದೆ. ಹಿಂದಿನವರು ಸುಮ್ಮನೆ ಕುಳಿತಿರಲಿಲ್ಲ. ಮಳೆಗಾಲ ಹಿಡಿಯುವ ಮುನ್ನ ಕರಡದ ಹುಲ್ಲಿನಿಂದಲೋ ಹಾಳೆಯಿಂದಲೋ ಕೊಟ್ಟೆ ಕಟ್ಟಿ ಗೊನೆಗಳಿಗೆ ಹೊದಿಸುತ್ತಿದ್ದರು. ಗೊನೆಯ ಮೇಲೆ ನೀರು ನಿಲ್ಲದಿದ್ದರೆ ರೋಗ ಕಡಮೆ ಎಂಬುದು ಅವರಿಗೆ ಅನುಭವದಿಂದ ತಿಳಿದಿತ್ತು. ಆದರೆ ಸಾವಿರಾರು ಮರಗಳ ಒಂದೊಂದು ಗೊನೆಗೂ ಕೊಟ್ಟೆ ಕಟ್ಟುವುದು ಸಾಮಾನ್ಯ ಶ್ರಮವಲ್ಲ, ಸಾಮಾನ್ಯ ಖರ್ಚೂ ಅಲ್ಲ.

ಕೋಲ್ಮನ್ನರು ತೋಟಗಾರರ ಈ ಅನುಭವವನ್ನು ತಳ್ಳಿಹಾಕಲಿಲ್ಲ. ಅದರ ಕಾರಣವನ್ನು ಹುಡುಕಿದರು. ರೋಗವನ್ನು ಉಂಟುಮಾಡುವುದು ಫೈಟಾಫ್ತೊರ ಎಂಬ ಕುಲಕ್ಕೆ ಸೇರಿದ ಸೂಕ್ಷ್ಮಜೀವಿ ಎಂದು ತೋರಿಸಿ ೧೯೧೦ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ೧೮೪೫ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಸಿ ಲಕ್ಷಾಂತರ ಜನರನ್ನು ಹಸಿವಿನಿಂದ ಕೊಂದದ್ದು ಇದೇ ಕುಲದ ಇನ್ನೊಂದು ಜೀವಿ. ಇದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಗೊನೆಯ ಮೇಲೆ ಮಳೆಯ ನೀರಿನ ತೆಳುವಾದ ಪೊರೆಯೊಂದು ನಿಂತರೆ ಸಾಕು, ಕಾಯಿಯಿಂದ ಕಾಯಿಗೆ ರೋಗ ಪಯಣಿಸುತ್ತದೆ. ಕೊಟ್ಟೆ ಕಟ್ಟಿದ ಹಳಬರು ಕಾರಣವನ್ನು ಅರಿಯದೆಯೇ ಆ ಪಯಣವನ್ನು ತಡೆಯುತ್ತಿದ್ದರು.

ಇನ್ನು ಮದ್ದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಯ ತೋಟಗಾರರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯ ಬದಿಯ ಬಳ್ಳಿಗಳಿಗೆ ಮೈಲುತುತ್ತ ಸುಣ್ಣಗಳನ್ನು ಕಲಸಿ ಎರಚುತ್ತಿದ್ದರು. ಎರಚಿದ ಬಳ್ಳಿಗಳಿಗೆ ಬೂಷ್ಟುರೋಗ ತಗಲದಿದ್ದುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ ೧೮೮೫ರಲ್ಲಿ ಲೋಕಕ್ಕೆ ತಿಳಿಸಿದರು. ಅದೇ ಬೋರ್ಡೋ ದ್ರಾವಣವನ್ನು ಕೋಲ್ಮನ್ನರು ಅಡಕೆಯ ಗೊನೆಗೆ ಹೊಂದಿಸಿದರು. ಹೊಂದಿಸುವುದು ಸುಲಭವಾಗಿರಲಿಲ್ಲ. ದ್ರಾಕ್ಷಿಯ ಬಳ್ಳಿ ಆಳೆತ್ತರ. ಅಡಕೆಯ ಮರ ಮುಗಿಲಿಗೆ ಮುಖ ಮಾಡಿದ್ದು. ಫ್ರಾನ್ಸಿನ ಮಳೆ ಹನಿ. ಮಲೆನಾಡಿನ ಮಳೆ ಧಾರೆ. ಮಳೆ ಹಿಡಿಯುವ ಮೊದಲೇ ಒಮ್ಮೆ, ಸುಮಾರು ನಲವತ್ತು ದಿನಗಳ ಮೇಲೆ ಮತ್ತೊಮ್ಮೆ ಸಿಂಪಡಿಸಬೇಕೆಂಬ ಕ್ರಮ ಕಾಲಕ್ರಮದಲ್ಲಿ ನೆಲೆಯಾಯಿತು. ೧೯೧೫ರ ಹೊತ್ತಿಗೆ ಕೋಲ್ಮನ್ನರು ರೋಗವನ್ನು ಹತೋಟಿಗೆ ತರುವ ಬಗೆಯನ್ನು ಇಡೀ ಭಾರತದ ಕೃಷಿಪತ್ರಿಕೆಯಲ್ಲಿ ವಿವರಿಸುವ ಸ್ಥಿತಿಗೆ ಬಂದಿದ್ದರು.

ನನ್ನ ಬಾಲ್ಯದಲ್ಲಿ ಕೋಲ್ಮನ್ನರ ಹೆಸರು ನಮ್ಮ ತೋಟದಲ್ಲಿ ಯಾರ ಬಾಯಲ್ಲಿಯೂ ಇರಲಿಲ್ಲ. ಅವರ ಕೆಲಸ ಮಾತ್ರ ಇತ್ತು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಆಮೇಲೆ ಬೆರೆಸಿ, ಹದ ಸರಿಯಾಯಿತೇ ಎಂದು ತಿಳಿಯಲು ಕಬ್ಬಿಣದ ಕತ್ತಿಯೊಂದನ್ನು ಅದ್ದಿ ನೋಡುವರು. ಕತ್ತಿಯ ಮೇಲೆ ತಾಮ್ರದ ಕೆಂಪು ಅಂಟಿದರೆ ಸುಣ್ಣ ಸಾಲದು. ಕೊನೆಗಾರನು ಒಂದು ಮರವನ್ನೇರಿ, ಅದನ್ನು ಬಾಗಿಸಿ ಮುಂದಿನ ಮರಕ್ಕೆ ದಾಟಿ, ನೆಲಕ್ಕಿಳಿಯದೆಯೇ ಸಾಲು ಮುಗಿಸುವನು. ಅವನ ಮೈಯೆಲ್ಲ ನೀಲಿಯಾಗಿರುತ್ತಿತ್ತು. ಗಾಟಿಂಗೆನ್ನಿನ ಪ್ರಯೋಗಶಾಲೆಯಿಂದ ಹೊರಟ ವಿದ್ಯೆ ಓದುಬರಹ ಬಾರದ ಆ ಮನುಷ್ಯನ ಕೈಗೆ ಬಂದು ನಿಂತಾಗಲೇ ಪೂರ್ಣವಾದದ್ದು. ಸಂಶೋಧನೆಯ ಗೌರವದಲ್ಲಿ ಅವನಿಗೂ ಒಂದು ಪಾಲು ಸಲ್ಲಬೇಕು. ಅಪಾಯದಲ್ಲಿ ಅವನ ಪಾಲು ಎಲ್ಲರಿಗಿಂತ ಹೆಚ್ಚಾಗಿತ್ತು.

ಈ ಮದ್ದನ್ನು ಬೇರೆ ಯಾರು ಕಂಡುಹಿಡಿಯಬಹುದಾಗಿತ್ತು? ಎರಡೆಕರೆ ತೋಟದ ರೈತನಿಗೆ ಶಾಸ್ತ್ರಜ್ಞನನ್ನು ಸಾಕುವ ಶಕ್ತಿಯಿಲ್ಲ. ಮೈಲುತುತ್ತವಾಗಲಿ ಸುಣ್ಣವಾಗಲಿ ಯಾರ ಸ್ವತ್ತೂ ಅಲ್ಲವಾದ್ದರಿಂದ ಅವುಗಳ ಮಿಶ್ರಣದ ಹದವನ್ನು ಕಂಡುಹಿಡಿಯಲು ಹಣ ಹೂಡುವ ವ್ಯಾಪಾರಿಗೆ ಲಾಭವಿಲ್ಲ. ಎಲ್ಲರಿಗೂ ಬೇಕಾದ, ಆದರೆ ಯಾರೊಬ್ಬರೂ ಕೊಳ್ಳಲಾಗದ ವಸ್ತುವನ್ನು ಸರ್ಕಾರವೇ ಕೊಳ್ಳಬೇಕು. ಕೊಂಡ ಮೇಲೆ ಅದನ್ನು ಬೀಗ ಹಾಕಿ ಇಡಲೂ ಆಗದು. ಕೋಲ್ಮನ್ನರ ವರದಿ ಅಚ್ಚಾಗಿ ಹೊರಬಂತು. ಅಂದು ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದವರಿಗೂ ಬೊಂಬಾಯಿಗೆ ಸೇರಿದ್ದ ಉತ್ತರ ಕನ್ನಡದವರಿಗೂ ಅದರ ಬಾಗಿಲು ತೆರೆದಿತ್ತು. ಖರ್ಚು ಮೈಸೂರಿನದು, ಫಲ ಗಡಿಯಾಚೆಗೂ. ಲೆಕ್ಕಿಗನ ಕಣ್ಣಿಗೆ ಇದು ನಷ್ಟ. ಆದರೆ ವಿದ್ಯೆ ಕೊಟ್ಟಷ್ಟೂ ಬೆಳೆಯುವ ಧನವೆಂದು ನಮ್ಮ ಹಿರಿಯರು ಹೇಳುತ್ತ ಬಂದುದರ ಆಡಳಿತರೂಪವೆಂದರೆ ಇದೇ.

೧೯೧೩ರಲ್ಲಿ ಕೃಷಿ ಇಲಾಖೆ ರೂಪುಗೊಂಡಾಗ ಕೋಲ್ಮನ್ನರು ಅದರ ನಿರ್ದೇಶಕರಾದರು. ಆಗ ದಿವಾನಗಿರಿಯಲ್ಲಿದ್ದವರು ವಿಶ್ವೇಶ್ವರಯ್ಯನವರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆಯೂ ಆರಂಭವಾಯಿತು. ಸೂಕ್ಷ್ಮದರ್ಶಕದ ಮುಂದಿದ್ದವರು ಕಾಗದಪತ್ರಗಳ ಮುಂದೆ ಕುಳಿತರೂ ಕೋಲ್ಮನ್ನರ ಕುತೂಹಲ ಬತ್ತಲಿಲ್ಲ. ಇದಕ್ಕೆ ಮೊದಲೇ ಜೋಳದ ಸೀಮೆಯನ್ನು ಕಾಡುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯೊಂದನ್ನು ಅವರು ಅಭ್ಯಸಿಸಿದ್ದರು. ಆ ಮಿಡತೆಯ ಕುಲಕ್ಕೆ ಕೋಲ್ಮೇನಿಯ ಎಂದು ಅವರ ಹೆಸರೇ ಉಳಿದಿದೆ. ಕಡೂರಿನಂಥ ಒಣಸೀಮೆಯ ಜೀವಾಳವಾದ ರಾಗಿಯ ಬೇಸಾಯವನ್ನು ಕುರಿತು ೧೯೨೦ರಲ್ಲಿ ಪುಸ್ತಿಕೆಯೊಂದನ್ನು ಹೊರತಂದರು. ಬಡವರ ಕಾಳೆಂದು ಬಹುಮಂದಿ ವಿದ್ವಾಂಸರು ಕಣ್ಣೆತ್ತಿಯೂ ನೋಡದಿದ್ದ ಧಾನ್ಯ ಅದು. ಅವರ ಕೈಕೆಳಗೆ ಕುಂಞಿ ಕಣ್ಣನ್ ಮೊದಲಾದ ದೇಶೀಯ ಶಾಸ್ತ್ರಜ್ಞರು ಬೆಳೆದರು. ಇಲಾಖೆಗೆ ಕೊಟ್ಟ ಹಣದಲ್ಲಿ ಕಟ್ಟಡಕ್ಕಿಂತ ಹೆಚ್ಚು ಕಾಲ ಬಾಳಿದ್ದು ಹೀಗೆ ಬೆಳೆದ ಮನುಷ್ಯರು.

ಇಷ್ಟರವರೆಗೆ ಗೆಲುವಿನ ಕಥೆಯಾಯಿತು. ಆದರೆ ಗೆಲುವನ್ನಷ್ಟೇ ಹೇಳಿ ನಿಲ್ಲಿಸಿದರೆ ಜೀವನ ಚರಿತ್ರೆ ಸ್ತೋತ್ರವಾಗುತ್ತದೆ. ಕೋಲ್ಮನ್ನರು ಸೋತ ಕೆಲಸವೂ ಒಂದಿದೆ. ತರೀಕೆರೆ ಕಡೂರುಗಳ ಕುರುಚಲು ಕಾಡುಗಳಲ್ಲಿಯೂ ಬೆಳೆಯುವ ಶ್ರೀಗಂಧಕ್ಕೆ ಆ ಕಾಲದಲ್ಲಿ ಮುಳ್ಳುಗಂಟಿನಂಥ ವಿಚಿತ್ರ ರೋಗ ಹತ್ತಿತ್ತು. ಎಲೆಗಳು ಕಿರಿದಾಗಿ, ಚೂಪಾಗಿ, ಕೊಂಬೆಗೆ ಒತ್ತೊತ್ತಾಗಿ ನಿಲ್ಲುವುವು. ಮರ ಕೆಲವು ವರ್ಷಗಳಲ್ಲಿ ಸಾಯುವುದು. ಸ್ಪೈಕ್ ರೋಗವೆಂದು ಇದಕ್ಕೆ ಹೆಸರು. ೧೮೯೯ರಲ್ಲಿ ಕೊಡಗಿನಲ್ಲಿ ಇದು ಮೊದಲು ಗಮನಕ್ಕೆ ಬಂತು. ಶ್ರೀಗಂಧ ಸರ್ಕಾರದ ಏಕಸ್ವಾಮ್ಯದ ಸ್ವತ್ತು. ಬೊಕ್ಕಸಕ್ಕೆ ಅದು ದೊಡ್ಡ ಆದಾಯ. ರೋಗದ ಕಾರಣವನ್ನೂ ಪರಿಹಾರವನ್ನೂ ಕಂಡುಹಿಡಿದವರಿಗೆ ಬಹುಮಾನ ಕೊಡುವುದಾಗಿ ಮೈಸೂರು ಸರ್ಕಾರ ಸಾರಿತು. ಬಹುಮಾನವನ್ನು ಗೆಲ್ಲುವವರು ಹುಟ್ಟಲಿಲ್ಲ. ಬಹುಮಾನದ ಗುಣವೇ ಹಾಗೆ. ಅರ್ಧ ದಾರಿ ನಡೆದವನಿಗೆ ಅದರಲ್ಲಿ ಏನೂ ಇಲ್ಲ. ಆದರೆ ವಿಜ್ಞಾನದಲ್ಲಿ ಬಹುಮಂದಿ ನಡೆಯುವುದು ಅರ್ಧ ದಾರಿಯನ್ನೇ.

ಸಂಬಳದ ಮೇಲಿದ್ದ ಕೋಲ್ಮನ್ನರು ಆ ಅರ್ಧ ದಾರಿಯನ್ನು ನಡೆದರು. ರೋಗದ ಮರದ ಕಸಿಯನ್ನು ಆರೋಗ್ಯದ ಮರಕ್ಕೆ ಕಟ್ಟಿದರೆ ರೋಗ ದಾಟುತ್ತದೆ ಎಂದು ೧೯೧೭ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ತೋರಿಸಿಕೊಟ್ಟರು. ಎಂದರೆ ಇದು ನೆಲದ ದೋಷವಲ್ಲ, ಬರಗಾಲದ ದೋಷವಲ್ಲ, ಅಂಟುವ ರೋಗ. ಅಂಟಿಸುವ ಜೀವಿ ಯಾವುದೆಂಬುದು ಅವರಿಗೆ ಸಿಕ್ಕಲಿಲ್ಲ. ಮುಂದೆ ೧೯೨೦ರ ದಶಕದಿಂದ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಶ್ರೀನಿವಾಸಯ್ಯನವರೂ ಅವರ ಜೊತೆಗಾರರೂ ಈ ರೋಗದ ಮೇಲೆ ವರ್ಷಗಟ್ಟಲೆ ದುಡಿದರು. ಅವರಿಗೂ ಸಿಕ್ಕಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೈಗೆ ಬಂದ ಮೇಲೆ, ೧೯೬೯ರಲ್ಲಿ, ಫೈಟೊಪ್ಲಾಸ್ಮ ಎಂದು ಇಂದು ಕರೆಯುವ ಅತಿ ಸಣ್ಣ ಜೀವಿಯೇ ಕಾರಣವೆಂದು ತಿಳಿಯಿತು. ಕೋಲ್ಮನ್ನರು ತೀರಿಕೊಂಡು ಹದಿನೈದು ವರ್ಷಗಳಾಗಿದ್ದುವು. ಮದ್ದಿನ ಮಾತಂತೂ ಇನ್ನೂ ದೂರ. ಕೆಲವು ಔಷಧಿಗಳು ರೋಗವನ್ನು ಸ್ವಲ್ಪ ಕಾಲ ಅಡಗಿಸುವುವೇ ಹೊರತು ಅಳಿಸವು.

ಗೆಲುವಿಗೂ ಸೋಲಿಗೂ ನಡುವೆ ನಿಂತ ಮೂರನೆಯ ಕೆಲಸ ಕಾಫಿಯದು. ಎಲೆಗಳ ಅಡಿಯಲ್ಲಿ ಕಿತ್ತಳೆ ಬಣ್ಣದ ಹುಡಿಯಂತೆ ಕಾಣಿಸಿಕೊಳ್ಳುವ ತುಕ್ಕುರೋಗ ಸಿಂಹಳದ ಕಾಫಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಿರ್ಮೂಲ ಮಾಡಿತ್ತು. ಕಡೂರು ಜಿಲ್ಲೆಯ ತೋಟಗಳಿಗೂ ಅದೇ ಗತಿ ಬರಬಹುದೆಂಬ ಭೀತಿ ಇತ್ತು. ೧೯೧೫ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾದ ಪ್ರಯೋಗ ಕೇಂದ್ರವೊಂದು ಆರಂಭವಾಯಿತು. ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಅದಕ್ಕೆ ಕಾಯಂ ನೆಲೆ ಸಿಕ್ಕಿತು. ಇದರ ಹಿಂದೆ ಕೋಲ್ಮನ್ನರ ಒತ್ತಾಸೆ ಇತ್ತು. ಕಾಫಿಯ ಗಿಡ ನೆಟ್ಟರೆ ಫಲ ಕಾಣುವುದಕ್ಕೆ ಮೂರು ನಾಲ್ಕು ವರ್ಷ ಬೇಕು. ಎರಡು ತಳಿಗಳನ್ನು ಕೂಡಿಸಿ, ಅದರ ಸಂತಾನವನ್ನು ಬೆಳೆಸಿ, ಆರಿಸಿ, ಮತ್ತೆ ಕೂಡಿಸಿ ನೋಡುವುದೆಂದರೆ ಒಬ್ಬ ಮನುಷ್ಯನ ಉದ್ಯೋಗದ ಅವಧಿಯೇ ಕಳೆಯುತ್ತದೆ. ರೋಗವಾದರೂ ಸುಮ್ಮನಿರುವುದೇ? ತುಕ್ಕುರೋಗದ ಜೀವಿಯಲ್ಲಿ ಒಂದೇ ಬಗೆಯಲ್ಲ, ಹಲವು ಬಗೆಗಳಿವೆ. ಒಂದನ್ನು ತಡೆದ ಗಿಡ ಇನ್ನೊಂದಕ್ಕೆ ಸೋಲುತ್ತದೆ ಎಂದು ಮೇಯ್ನ್ ಎಂಬ ವಿಜ್ಞಾನಿ ೧೯೩೨ರಲ್ಲಿ ಪ್ರಕಟಿಸಿದರು. ಆ ತಿಳಿವಿನ ಮೇಲೆಯೇ ತಳಿ ಬೆಳೆಸುವ ಕೆಲಸ ಮುಂದುವರಿದು, ೧೯೪೦ರ ದಶಕದಲ್ಲಿ ಎಸ್. ೭೯೫ ಎಂಬ ಹೆಸರಾಂತ ಅರಾಬಿಕಾ ತಳಿ ಬೆಳೆಗಾರರ ಕೈ ಸೇರಿತು. ಬಾಳೆಹೊನ್ನೂರಿನ ಕೇಂದ್ರ ಆ ಹೊತ್ತಿಗೆ ಕಾಫಿ ಮಂಡಲಿಯ ವಶಕ್ಕೆ ಹೋಗಿತ್ತು. ನಡುವೆ ದಿವಾನರು ಬದಲಾದರು, ಮಹಾರಾಜರು ಬದಲಾದರು, ಮಹಾಯುದ್ಧವೊಂದು ನಡೆದುಹೋಯಿತು. ಕೇಂದ್ರದ ಬಾಗಿಲು ಮಾತ್ರ ಮುಚ್ಚಲಿಲ್ಲ. ಒಂದು ವರ್ಷ ಮುಚ್ಚಿದ್ದರೂ ಹದಿನೈದು ವರ್ಷಗಳ ಸಸಿಮಡಿಗಳು ಕಳೆಯ ಪಾಲಾಗುತ್ತಿದ್ದುವು.

ಬಾಗಿಲು ಮುಚ್ಚಿದರೆ ಏನಾಗುತ್ತದೆಂಬುದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಅದು ಅಜ್ಜಂಪುರದ ಕಾವಲಿನಲ್ಲಿಯೇ ಇದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಫಿರಂಗಿಯನ್ನು ಎಳೆದುಕೊಂಡು ಕುದುರೆಯ ದಂಡಿನೊಡನೆ ಹೆಜ್ಜೆ ಹಾಕಬಲ್ಲ ಆ ತಳಿಯನ್ನು ತಲೆಮಾರುಗಳ ಆಯ್ಕೆಯಿಂದ ರೂಪಿಸಿದ್ದರು. ೧೮೬೦ರಲ್ಲಿ ಅಂದಿನ ಆಡಳಿತ ಮಿತವ್ಯಯದ ಹೆಸರಿನಲ್ಲಿ ಆ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತುಗಳಿಗೆ ಬರ ಬಂತು. ೧೮೬೬ರಲ್ಲಿ ಮತ್ತೆ ಇಲಾಖೆಯನ್ನು ತೆರೆಯಬೇಕಾಯಿತು. ಚದುರಿಹೋದ ಮಂದೆಯನ್ನು ಮತ್ತೆ ಕಲೆಹಾಕಬೇಕಾಯಿತು. ಉಳಿಸಿದ ಹಣಕ್ಕೂ ಕಳೆದುಕೊಂಡ ತಳಿಗೂ ತಾಳೆ ಹಾಕಿದ ಲೆಕ್ಕಿಗನಿಗೆ ಸಮಾಧಾನವಾಗಿರಲಾರದು. ೧೯೨೩ರಲ್ಲಿ ಅಮೃತಮಹಲ್ ಸೈನ್ಯದ ಇಲಾಖೆಯಿಂದ ಕೃಷಿ ಇಲಾಖೆಗೆ ವರ್ಗವಾಯಿತು. ಆ ದಶಕದ ಕೊನೆಯಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನ ಕೇಂದ್ರ ನೆಲೆಗೊಂಡಿತು. ಹೀಗೆ ಕೋಲ್ಮನ್ನರು ಕಟ್ಟಿದ ಇಲಾಖೆಯ ಆಶ್ರಯಕ್ಕೆ ಬಂದದ್ದು ದನಗಳಷ್ಟೇ ಅಲ್ಲ, ದನಗಳೊಡನೆ ಆ ಹಳೆಯ ಪಾಠವೂ ಬಂತು.

ಸುಮಾರು ಕಾಲು ಶತಮಾನದ ಕಾಲ ಮೈಸೂರಿನ ನಂಟನ್ನು ಉಳಿಸಿಕೊಂಡಿದ್ದು, ೧೯೩೦ರ ದಶಕದಲ್ಲಿ ಕೋಲ್ಮನ್ನರು ತಾಯ್ನಾಡಿಗೆ ಮರಳಿದರು. ಅಲ್ಲಿ ಅವರು ವಿಶ್ರಾಂತಿಯನ್ನು ಬಯಸಲಿಲ್ಲ. ಸಸ್ಯಗಳ ಜೀವಕೋಶದ ನಡುಬೀಜವನ್ನು ಕುರಿತ ಸೂಕ್ಷ್ಮವಾದ ಅಧ್ಯಯನದಲ್ಲಿ ತೊಡಗಿ, ಎಪ್ಪತ್ತರ ವಯಸ್ಸಿನಲ್ಲಿಯೂ ಲೇಖನಗಳನ್ನು ಪ್ರಕಟಿಸಿದರು. ಕಣ್ಣಿಗೆ ಕಾಣದ್ದನ್ನು ಹುಡುಕುವುದರಲ್ಲಿ ಆರಂಭವಾದ ಬಾಳು ಅದೇ ಹುಡುಕಾಟದಲ್ಲಿ ಮುಗಿಯಿತು. ೧೯೫೪ರಲ್ಲಿ ಅವರು ಕೆನಡಾದಲ್ಲಿ ನಿಧನರಾದರು. ಹತ್ತು ವರ್ಷಗಳ ಮೇಲೆ, ೧೯೬೪ರಲ್ಲಿ, ಹೆಬ್ಬಾಳದ ಆ ಹಳೆಯ ಬೀಜ ಕೃಷಿ ವಿಶ್ವವಿದ್ಯಾನಿಲಯವಾಗಿ ಮರವಾಯಿತು.

ಈಗ ನಮ್ಮ ಕಾಲದ ಮಾತಿಗೆ ಬರೋಣ. ಭಾರತ ೨೦೨೦-೨೧ರಲ್ಲಿ ತನ್ನ ಒಟ್ಟು ಉತ್ಪನ್ನದ ಶೇಕಡ ೦.೬೪ರಷ್ಟನ್ನು ಮಾತ್ರ ಸಂಶೋಧನೆಗೆ ವಿನಿಯೋಗಿಸಿತು.  ೨೦೨೩ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯಿದೆ ಬಂತು. ಐದು ವರ್ಷಗಳಲ್ಲಿ ೫೦,೦೦೦ ಕೋಟಿ ರೂಪಾಯಿ ಎಂಬ ಅಂದಾಜಿನಲ್ಲಿ ಬಹುಪಾಲು ಸರ್ಕಾರದ ಹೊರಗಿನಿಂದ ಬರಬೇಕೆಂಬ ನಿರೀಕ್ಷೆ ಅದರೊಡನೆ ಇತ್ತು. ೨೦೨೫ರ ಜುಲೈಯಲ್ಲಿ ಕೇಂದ್ರ ಸಚಿವ ಸಂಪುಟ ಒಂದು ಲಕ್ಷ ಕೋಟಿ ರೂಪಾಯಿಗಳ ಮತ್ತೊಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಉದ್ಯಮಗಳ ಸಂಶೋಧನೆಗೆ ಕಡಮೆ ಬಡ್ಡಿಯ ಅಥವಾ ಬಡ್ಡಿಯಿಲ್ಲದ ದೀರ್ಘಾವಧಿಯ ಸಾಲ ಅದರ ಮುಖ್ಯ ಉದ್ದೇಶ. ಇವುಗಳನ್ನು ಹಳಿಯುವುದು ನನ್ನ ಅಭಿಪ್ರಾಯವಲ್ಲ. ಉದ್ಯಮಿಗಳು ವಿದ್ಯೆಗೆ ಹಣ ಹೂಡುವುದು ಶ್ಲಾಘ್ಯವೇ ಸರಿ. ಸಾರ್ವಜನಿಕರ ಹಣಕ್ಕೆ ಲೆಕ್ಕ ಕೇಳುವುದೂ ನ್ಯಾಯವೇ. ಕೇಳದಿದ್ದರೆ ಸಂಬಳ ಸೋಮಾರಿತನದ ಆಸರೆಯಾದೀತು. ಕೋಲ್ಮನ್ನರೂ ವರದಿಯ ಮೇಲೆ ವರದಿ ಬರೆದು ಲೆಕ್ಕ ಒಪ್ಪಿಸಿದವರೇ.

ಆದರೆ ಯಾವ ಗಡಿಯಾರ ಹಿಡಿದು ಲೆಕ್ಕ ಕೇಳಬೇಕು? ಒಂದೇ ಮನುಷ್ಯನ ಮೂರು ಕೆಲಸಗಳನ್ನು ನೋಡಿದೆವು. ಕೊಳೆರೋಗಕ್ಕೆ ಏಳೆಂಟು ವರ್ಷಗಳಲ್ಲಿ ಮದ್ದು ನೆಲೆಗೊಂಡಿತು. ಕಾಫಿಗೆ ಕಾಲು ಶತಮಾನ ಹಿಡಿಯಿತು. ಶ್ರೀಗಂಧಕ್ಕೆ ಕಾರಣ ತಿಳಿಯುವುದಕ್ಕೇ ಅರ್ಧ ಶತಮಾನ ಬೇಕಾಯಿತು. ೧೯೧೮ರಲ್ಲಿ ಯಾರಾದರೂ ಐದು ವರ್ಷಗಳ ಅಳತೆಗೋಲನ್ನು ಹಿಡಿದು ಬಂದಿದ್ದರೆ ಮೊದಲನೆಯದನ್ನು ಉಳಿಸಿ ಉಳಿದೆರಡನ್ನು ಮುಚ್ಚುತ್ತಿದ್ದರು. ೧೮೬೦ರಲ್ಲಿ ಅಮೃತಮಹಲನ್ನು ಮುಚ್ಚಿದವರ ಕೈಯಲ್ಲಿ ಇದ್ದುದೂ ಅಂಥದೇ ಒಂದು ಅಳತೆಗೋಲು.

ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇನೆ. ಶೃಂಗೇರಿ ಕೊಪ್ಪಗಳ ಅಡಕೆಯ ತೋಟಗಳನ್ನು ಈಗ ಕೊಳೆರೋಗಕ್ಕಿಂತ ಹೆಚ್ಚಾಗಿ ಹೆದರಿಸುತ್ತಿರುವುದು ಹಳದಿ ಎಲೆ ರೋಗ. ಹೆಡೆಯ ತುದಿಯಿಂದ ಹಳದಿ ಇಳಿಯುತ್ತದೆ, ಕಾಯಿಯ ತಿರುಳು ಕೆಡುತ್ತದೆ, ತೋಟ ನಿಧಾನವಾಗಿ ಬರಿದಾಗುತ್ತದೆ. ಬೋರ್ಡೋ ದ್ರಾವಣ ಇದರ ಮುಂದೆ ನಿರುಪಯೋಗಿ. ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಬೆರಳು ಮಾಡುವುದು ಫೈಟೊಪ್ಲಾಸ್ಮದ ಕಡೆಗೆ. ಶ್ರೀಗಂಧವನ್ನು ಕೊಂದ ಜೀವಿಯ ಬಳಗವೇ ಅದು. ಅಡಕೆಯಲ್ಲಿ ಗೆದ್ದ ಕೋಲ್ಮನ್ನರಿಂದ ಇಂದಿನ ಅಡಕೆಯವನಿಗೆ ದೊರೆಯುವ ನೆರವಿಗಿಂತ ಶ್ರೀಗಂಧದಲ್ಲಿ ಸೋತ ಕೋಲ್ಮನ್ನರು ಹಿಡಿದ ದಾರಿಯಿಂದ ದೊರೆಯಬಹುದಾದ ನೆರವು ದೊಡ್ಡದಾದೀತು. ಯಾವ ಖಾತೆಯ ಹಣ ಯಾವ ತಲೆಮಾರಿಗೆ ಫಲ ಕೊಡುವುದೆಂದು ಖಾತೆ ಬರೆಯುವವನು ಮೊದಲೇ ಅರಿಯಲಾರ. ಅರಿಯಲಾರೆನೆಂಬುದನ್ನು ಅರಿತು, ಆದರೂ ತಿಂಗಳು ತಿಂಗಳ ಸಂಬಳವನ್ನು ತಪ್ಪಿಸದೆ ಕೊಡುವ ಸರ್ಕಾರವೇ ವಿಜ್ಞಾನವನ್ನು ಪೋಷಿಸುವ ಸರ್ಕಾರ. ಆಸ್ತಿಯಲ್ಲಿ ಸಣ್ಣದಾದ ಒಂದು ಸಂಸ್ಥಾನಕ್ಕೆ ಅಷ್ಟು ತಾಳ್ಮೆ ಸಾಧ್ಯವಾಗಿತ್ತು.